ಕ್ರಾಫ್ಟ್ ಜಿನ್: ಮೊದಲು ನೀರಿನಲ್ಲಿ ರುಚಿ ನೋಡಿ, ಆಮೇಲೆ ಕಾಕ್‌ಟೇಲ್ ಮಾಡಿ

ಹೊಸ ಕ್ರಾಫ್ಟ್ ಜಿನ್ ಬಾಟಲಿ ಮನೆಗೆ ಬಂದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಗ್ಲಾಸಿಗೆ ಐಸ್, ಅದಕ್ಕೊಂದು ಪೆಗ್, ಮೇಲೆ ಅಂಚಿನವರೆಗೆ ಟಾನಿಕ್ ಅನ್ನುವ ಸಿಹಿಕಹಿ ಸೋಡಾ, ಒಂದು ನಿಂಬೆ ಹೋಳು. ಕುಡಿದು "ಚೆನ್ನಾಗಿದೆ" ಅನ್ನುತ್ತಾರೆ. ಚೆನ್ನಾಗಿದ್ದದ್ದು ಜಿನ್ನೋ, ಟಾನಿಕ್ಕಿನ ಸಕ್ಕರೆಯೋ? ಗೊತ್ತಾಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಬಾಟಲಿಯನ್ನು ಹೀಗೆ ಶುರು ಮಾಡುವುದು ಉಪ್ಪು ನೋಡದೆ ಸಾರು ಬಡಿಸಿದ ಹಾಗೆ.

ಇಲ್ಲಿ ನಾನು ಹೇಳುವ ಕ್ರಮ ಬೇರೆ. ಮೊದಲ ಸಂಜೆ ಬರೀ ನೀರು. ಜಿನ್ನಿನ ಸ್ವಭಾವ ಏನು ಅಂತ ಅಲ್ಲಿ ತಿಳಿದುಕೊಳ್ಳಿ. ಅದಕ್ಕೆ ಯಾವ ಕಾಕ್‌ಟೇಲ್ ಒಗ್ಗುತ್ತದೆ ಅನ್ನುವುದನ್ನು ಆಮೇಲೆ ನೋಡೋಣ. ನೀರಿನ ಮಾತು ಮುಂದೆಯೂ ಪದೇ ಪದೇ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಮಾಡಿದ ಜಿನ್ ಡ್ರಿಂಕ್ ಕೆಟ್ಟಿತು ಅಂದರೆ ತಪ್ಪು ಸಾಮಾನ್ಯವಾಗಿ ನೀರಿನದ್ದೋ ಐಸ್‌ನದ್ದೋ ಆಗಿರುತ್ತದೆ, ಬಾಟಲಿಯದ್ದಲ್ಲ.

ಇದೆಲ್ಲ 21 ದಾಟಿದವರಿಗೆ ಮಾತ್ರ. ಗಾಡಿ ಓಡಿಸುವುದಿದ್ದರೆ ಇನ್ನೊಂದು ದಿನ ಮಾಡಿ.

ಬಾಟಲಿಯೊಳಗೆ ಏನಿದೆ

ಜಿನ್ ಅಂದರೆ ರುಚಿ ವಾಸನೆ ಇಲ್ಲದ ಸ್ಪಿರಿಟ್‌ಗೆ ಜುನಿಪರ್ ಕಾಯಿಯ ಘಮ ಹತ್ತಿಸಿದ ಮದ್ಯ. ಜುನಿಪರ್ ಜೊತೆಗೆ ಬೀಜ, ಬೇರು, ಚಕ್ಕೆ, ಹಣ್ಣಿನ ಸಿಪ್ಪೆ ಏನು ಬೇಕಾದರೂ ಸೇರಬಹುದು. ಇವಕ್ಕೆಲ್ಲ ಒಟ್ಟಾಗಿ ಬೊಟಾನಿಕಲ್ಸ್ ಅನ್ನುತ್ತಾರೆ. ಕಡಿಮೆ ಬೆಲೆಯ ಜಿನ್‌ಗಳಲ್ಲಿ ಎಷ್ಟೋ ಸಲ ಎಸೆನ್ಸ್ ಬೆರೆಸಿ ಕೆಲಸ ಮುಗಿಸುತ್ತಾರೆ. ಕ್ರಾಫ್ಟ್ ಜಿನ್ನಿನಲ್ಲಿ ಬೊಟಾನಿಕಲ್‌ಗಳನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಸಣ್ಣ ಭಟ್ಟಿಯಲ್ಲಿ ಮತ್ತೆ ಬಟ್ಟಿ ಇಳಿಸುತ್ತಾರೆ.

ಲೇಬಲ್ ಮೇಲೆ ಲಂಡನ್ ಡ್ರೈ ಅಂತ ಇದ್ದರೆ ಅದು ಲಂಡನ್ನಿನಿಂದ ಬಂದದ್ದು ಅಂತಲ್ಲ. ಅದು ಮಾಡುವ ವಿಧಾನದ ಹೆಸರು. ಘಮವೆಲ್ಲ ಭಟ್ಟಿಯಲ್ಲೇ ಬರಬೇಕು, ಆಮೇಲೆ ಬಣ್ಣ ರುಚಿ ಸೇರಿಸುವ ಹಾಗಿಲ್ಲ, ಸಕ್ಕರೆಯಂತೂ ಲೀಟರಿಗೆ 0.1 ಗ್ರಾಂ ಮೀರಬಾರದು. ಅದಕ್ಕೇ ಗೋವಾದಲ್ಲಿ ಕೂಡ ಲಂಡನ್ ಡ್ರೈ ತಯಾರಾಗುತ್ತದೆ.

ನಮ್ಮ ದೇಶದಲ್ಲಿ ಕ್ರಾಫ್ಟ್ ಜಿನ್ನಿನ ಅಲೆ ಎದ್ದದ್ದೇ ಗೋವಾದಿಂದ. ನಾವೋ ಸ್ಪಿರಿಟ್ಸ್ 2017ರಲ್ಲಿ ಗ್ರೇಟರ್ ದ್ಯಾನ್ ತಂದಿತು. ಅದರ ಬೆನ್ನಿಗೇ ಅವರದೇ ಹಪುಸಾ, ಥರ್ಡ್ ಐ ಡಿಸ್ಟಿಲರಿಯ ಸ್ಟ್ರೇಂಜರ್ ಅಂಡ್ ಸನ್ಸ್ ಬಂದವು. ಮೂರರ ಸ್ವಭಾವ ಬೇರೆ ಬೇರೆ. ಗ್ರೇಟರ್ ದ್ಯಾನ್‌ನಲ್ಲಿ ಜುನಿಪರ್ ಎದ್ದು ಕಾಣುತ್ತದೆ. ಹಿಂದೆ ಸೋಂಪು, ಶುಂಠಿ, ಮಜ್ಜಿಗೆ ಹುಲ್ಲು, ಕ್ಯಾಮೊಮೈಲ್ ಹೂವು ಇವೆ. ಹಪುಸಾದ್ದು ಹಿಮಾಲಯದ ಜುನಿಪರ್. ಜೊತೆಗೆ ಅರಿಶಿನ, ಮಾವು, ಬಂಗಾಳದ ಗಂಧರಾಜ ನಿಂಬೆ. ಸ್ವಲ್ಪ ಮಣ್ಣಿನ ವಾಸನೆಯ ಜಿನ್ ಅದು, ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಹಿಡಿಸುತ್ತದೆ. ಸ್ಟ್ರೇಂಜರ್ ಅಂಡ್ ಸನ್ಸ್‌ನಲ್ಲಿ ಕರಿಮೆಣಸು, ಜಾಯಿಕಾಯಿ, ಜಾಪತ್ರೆ, ಹಣ್ಣಿನ ಸಿಪ್ಪೆಗಳ ಗಲಾಟೆ ಜೋರು.

ಇವುಗಳಲ್ಲಿ ಯಾವುದಾದರೂ ಒಂದನ್ನು ತನ್ನಿ. ಜೊತೆಗೆ ಅಳತೆಗೋಲಾಗಿ ಒಂದು ಸಾದಾ ಜಿನ್ ಇರಲಿ. ಟ್ಯಾಂಕರೇ ಈ ಕೆಲಸಕ್ಕೆ ಸರಿಯಾದದ್ದು. ಅದರಲ್ಲಿ ಇರುವುದು ನಾಲ್ಕೇ ಬೊಟಾನಿಕಲ್: ಜುನಿಪರ್, ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ಜ್ಯೇಷ್ಠಮಧು. ಪೂರ್ತಿ ಬಾಟಲಿ ಬೇಕಿಲ್ಲ. ಕ್ವಾರ್ಟರ್ ಸಿಕ್ಕರೆ ಧಾರಾಳ ಸಾಕು.

ಮೂಗಿಗೆ ಮೊದಲ ಪಾಠ ಅಡುಗೆಮನೆಯಲ್ಲಿ

ಜಿನ್ ಗ್ಲಾಸ್ ಮೂಸಿ "ಏನೋ ಸೆಂಟ್ ಥರ ಇದೆ" ಅಂತ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ಮೂಗಿಗೆ ಹೋಲಿಸಿ ನೋಡಲು ಏನೂ ಕೊಟ್ಟಿಲ್ಲ, ಅಷ್ಟೇ. ನಮ್ಮ ಅನುಕೂಲ ಏನೆಂದರೆ, ಜಿನ್ನಿಗೆ ಬೀಳುವ ಅರ್ಧ ಸಾಮಾನು ನಮ್ಮ ಸಾಂಬಾರ ಡಬ್ಬದಲ್ಲೇ ಇದೆ.

ನಾಲ್ಕು ಕಾಳು ಧನಿಯಾ ತೆಗೆದುಕೊಳ್ಳಿ. ಹುರಿಯಬೇಡಿ. ಬೆರಳಲ್ಲಿ ಹಿಸುಕಿ ಒಡೆದು ಮೂಸಿ. ಸಾರಿನ ಪುಡಿಯ ವಾಸನೆ ಅಲ್ಲ ಅದು, ನಿಂಬೆಯ ಕಡೆಗೆ ವಾಲುವ, ಹೂವಿನಂಥ ಘಮ. ಲಿನಲೂಲ್ ಅನ್ನುವ ಎಣ್ಣೆಯಂಶ ಅದಕ್ಕೆ ಕಾರಣ. ಜಿನ್‌ಗಳಲ್ಲಿ ಜುನಿಪರ್ ಬಿಟ್ಟರೆ ಅತಿ ಜಾಸ್ತಿ ಬಳಸುವುದು ಇದನ್ನೇ. ಆಮೇಲೆ ಒಂದು ಯಾಲಕ್ಕಿ ಬಿಡಿಸಿ, ಒಂದು ಕರಿಮೆಣಸು ಜಜ್ಜಿ, ಕಿತ್ತಳೆ ಸಿಪ್ಪೆಯನ್ನು ಮಡಚಿ ಚಿಮ್ಮಿಸಿ. ಪ್ರತಿಯೊಂದಾದ ಮೇಲೂ ನಿಮ್ಮದೇ ಅಂಗಿಯ ತೋಳನ್ನು ಮೂಸಿ. ಮೂಗು ಮತ್ತೆ ಸರಿಹೋಗುತ್ತದೆ.

ಜುನಿಪರ್ ಒಂದೇ ನಮಗೆ ಅಪರಿಚಿತ. ಅದು ನೋಡಲು ಹಣ್ಣಿನ ಹಾಗಿದ್ದರೂ ನಿಜಕ್ಕೂ ಪೈನ್ ಕಾಯಿಯ ಜಾತಿಯದ್ದು. ಮಾಗಲು ಎರಡು ವರ್ಷದವರೆಗೂ ಹಿಡಿಯುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಹೌಬೇರ್ ಅಂತ ಕೇಳಿ ನೋಡಿ. ಒಂದೆರಡು ಒಡೆದು ಮೂಸಿದರೆ ರಾಳ, ಪೈನ್ ಕಟ್ಟಿಗೆ, ತುಸು ಮೆಣಸಿನ ಘಾಟು ಬರುತ್ತದೆ. ಮೂಸಲಿಕ್ಕೆ ಮಾತ್ರ. ತಿನ್ನುವುದು ಬೇಡ.

ಮೊದಲ ಸಂಜೆ: ಜಿನ್, ನೀರು, ಸುಮ್ನೆ ಕೂರುವುದು

1. ಊಟಕ್ಕೆ ಮುಂಚೆ ಶುರು ಮಾಡಿ. ಒಗ್ಗರಣೆ ವಾಸನೆ, ಊದುಬತ್ತಿ, ಮಲ್ಲಿಗೆ ಯಾವುದೂ ಹತ್ತಿರ ಇರಬಾರದು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ.

2. ಗ್ಲಾಸ್ ಕೆಳಗೆ ಅಗಲ, ಮೇಲೆ ಕಿರಿದಾಗಿರಬೇಕು. ಸಣ್ಣ ವೈನ್ ಗ್ಲಾಸ್ ಆಗುತ್ತದೆ. ಅಗಲ ಬಾಯಿಯ ವಿಸ್ಕಿ ಗ್ಲಾಸಿನಲ್ಲಿ ಘಮ ನಿಲ್ಲುವುದಿಲ್ಲ. ಎರಡು ಗ್ಲಾಸಿಗೂ 15 ಎಂಎಲ್ ಜಿನ್ ಹಾಕಿ, ಒಂದಕ್ಕೆ ಕ್ರಾಫ್ಟ್, ಇನ್ನೊಂದಕ್ಕೆ ಸಾದಾ. ಅಳತೆ ಇಲ್ಲವಾ? ಮೂರು ಟೀ ಚಮಚ ಅಂದರೆ 15 ಎಂಎಲ್. ಐಸ್ ಬೇಡ, ಫ್ರಿಜ್ಜಿನಿಂದ ತೆಗೆದ ಬಾಟಲಿಯೂ ಬೇಡ. ತಣ್ಣಗಿದ್ದರೆ ಘಮ ಏಳುವುದಿಲ್ಲ.

3. ನೀರು ಹಾಕುವ ಮುಂಚೆ ಒಮ್ಮೆ ಮೂಸಿ. ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ. ಗಲ್ಲದ ಹತ್ತಿರ ಗ್ಲಾಸ್ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನಕ್ಕೆ ಮೇಲೆ ತನ್ನಿ. ವೈನ್ ಥರ ಗಿರಗಿರ ತಿರುಗಿಸುವುದೂ ಬೇಡ. ತಿರುಗಿಸಿದರೆ ಮೊದಲು ಆಲ್ಕೋಹಾಲ್ ಎದ್ದು ಮೂಗಿಗೆ ಬಡಿಯುತ್ತದೆ. ಮೊದಲು ಮೂಗಿಗೆ ತಾಗಿದ್ದನ್ನು ಬರೆದುಕೊಳ್ಳಿ. ತಪ್ಪು ಸರಿ ಅಂತ ಇಲ್ಲ. "ಹಿತ್ತಲಿನ ನಿಂಬೆ ಗಿಡ" ಅಂತ ಬರೆದರೂ ನಡೆಯುತ್ತದೆ.

4. ಈಗ ಅಷ್ಟೇ ನೀರು, 15 ಎಂಎಲ್. ಭಾರತದ ಜಿನ್‌ಗಳ ಲೇಬಲ್ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. ಅರ್ಧಕ್ಕರ್ಧ ನೀರು ಬಿದ್ದರೆ ಅದು 21.4% ಆಯಿತು. ಘಾಟು ಇಳಿಯುತ್ತದೆ, ಒಳಗಿದ್ದ ಎಣ್ಣೆಯ ಘಮ ಮೇಲಕ್ಕೆ ಬರುತ್ತದೆ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಾ ನೀರು ಹಾಕಿ. ಕೆಲವು ಜಿನ್‌ಗಳಲ್ಲಿ ನೀರು ಬಿದ್ದ ಜಾಗದಲ್ಲಿ ತೆಳು ಎಳೆಗಳು ಎದ್ದು, ಮೆಲ್ಲಗೆ ಇಡೀ ಗ್ಲಾಸ್ ಮಂಕಾಗುತ್ತದೆ. ಕೆಟ್ಟಿಲ್ಲ, ಗಾಬರಿ ಬೇಡ. ಸಿಪ್ಪೆ ಮತ್ತು ಬೀಜದ ಎಣ್ಣೆ ಆಲ್ಕೋಹಾಲಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರು ಜಾಸ್ತಿ ಆದಾಗ ಸಣ್ಣ ಸಣ್ಣ ಹನಿಯಾಗಿ ಹೊರಗೆ ಬೀಳುತ್ತದೆ. ಮಂಕಾಯಿತು ಅಂದರೆ ಎಣ್ಣೆ ಧಾರಾಳವಾಗಿದೆ ಅಂತ ಅರ್ಥ.

5. ಮತ್ತೆ ಮೂಸಿ, ಆಮೇಲೆ ಒಂದು ಗುಟುಕು. ತಕ್ಷಣ ನುಂಗಬೇಡಿ. ನಾಲಿಗೆ ಮೇಲೆ ಒಂದು ಸುತ್ತು ಹೊರಳಿಸಿ. ರುಚಿ ಬರುವ ಸರದಿ ಗಮನಿಸಿ. ಸಾಮಾನ್ಯವಾಗಿ ಸಿಪ್ಪೆಯ ಹುಳಿ ಘಮ ಮೊದಲು, ನಡುವೆ ಜುನಿಪರ್ ಮತ್ತು ಧನಿಯಾ, ಕೊನೆಗೆ ಬೇರು, ಚಕ್ಕೆ, ಮೆಣಸು. ಭಟ್ಟಿಯಿಂದ ಇಳಿಯುವಾಗಲೂ ಹೆಚ್ಚು ಕಡಿಮೆ ಇದೇ ಕ್ರಮ. ಹಗುರವಾದದ್ದು ಮುಂಚೆ, ಭಾರವಾದದ್ದು ಕೊನೆಗೆ.

6. ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು? ಸಿಹಿ ಉಳಿದರೆ ಅದು ಸಕ್ಕರೆ ಆಗಿರಲೇಬೇಕಿಲ್ಲ. ಜ್ಯೇಷ್ಠಮಧು ಹಾಕಿದ ಒಣ (ಡ್ರೈ, ಅಂದರೆ ಸಿಹಿಯಿಲ್ಲದ) ಜಿನ್ ಕೂಡ ಸಿಹಿ ಅನ್ನಿಸುತ್ತದೆ. ಒಗರು ಉಳಿಯಿತಾ, ಕಹಿಯಾ, ಖಾರವಾ? ಎಷ್ಟು ಹೊತ್ತು? ಕಾಕ್‌ಟೇಲ್ ಆರಿಸಲು ಬೇಕಾದ ಉತ್ತರ ಇದೇ.

7. ಗ್ಲಾಸ್ ತೊಳೆಯದೆ ಹಾಗೇ ಬಿಡಿ. ಬೆಳಿಗ್ಗೆ ಎದ್ದು ಖಾಲಿ ಗ್ಲಾಸ್ ಮೂಸಿ. ನಿಂಬೆ ಕಿತ್ತಳೆ ಎಲ್ಲ ಹಾರಿಹೋಗಿರುತ್ತವೆ. ಉಳಿದಿರುವುದು ಆ ಜಿನ್ನಿನ ತಳ. ಬೇರಿನ ಮಣ್ಣುವಾಸನೆಯೋ, ಚಕ್ಕೆಯೋ, ರಾಳವೋ ಸಿಕ್ಕರೆ ಭೇಷ್. ಏನೂ ಇಲ್ಲ ಅಂದರೆ ಅದು ಬರೀ ಮೇಲುಮೇಲಿನ ಘಮದ ಜಿನ್. ಅಂಥದ್ದನ್ನು ನೆಗ್ರೋನಿ ಥರದ ಕಹಿ ಕಾಕ್‌ಟೇಲಿಗೆ ಹಾಕಿ ಹಾಳು ಮಾಡಬೇಡಿ.

ನೀವು ಬರೆದುಕೊಂಡದ್ದು ಸುಮಾರಾಗಿ ಮೂರು ದಾರಿ ತೋರಿಸುತ್ತದೆ. ಒಂದೊಂದು ಡ್ರಿಂಕ್ ಮಾಡುವ ಕ್ರಮ ಮುಂದಿದೆ. ಜುನಿಪರ್ ಗಟ್ಟಿ, ಒಣ ಅನ್ನಿಸಿದರೆ ಮಾರ್ಟಿನಿ ಮತ್ತು ನೆಗ್ರೋನಿ. ಹಣ್ಣು ಹೂವು ಜಾಸ್ತಿ ಇದ್ದರೆ ಗಿಮ್ಲೆಟ್. ಮಸಾಲೆ, ಮಣ್ಣು ಜಾಸ್ತಿ ಇದ್ದರೆ ಹುಳಿ ಮತ್ತು ಸೋಡಾ ಇರುವ ಉದ್ದ ಗ್ಲಾಸಿನ ಡ್ರಿಂಕ್. ಜಿನ್ ಅಂಡ್ ಟಾನಿಕ್ ಎಲ್ಲದಕ್ಕೂ ನಡೆಯುತ್ತದೆ. ಬದಲಾಗಬೇಕಾದದ್ದು ಟಾನಿಕ್ಕಿನ ಅಳತೆ.

ಐಸ್ ಕೂಡ ಒಂದು ಸಾಮಾನು

ಐಸ್ ಜೊತೆ ಅಲ್ಲಾಡಿಸಿ (ಶೇಕ್) ಅಥವಾ ಕಲಕಿ (ಸ್ಟರ್) ಸೋಸಿದ ಕಾಕ್‌ಟೇಲಿನಲ್ಲಿ ಐಸ್ ಕರಗಿ ಬಂದ ನೀರೇ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇರುತ್ತದೆ. ಆ ನೀರಿಗೆ ಫ್ರೀಜರಿನ ಮೀನು, ಇಂಗಿನ ಡಬ್ಬ, ನಿನ್ನೆಯ ಹುಳಿ ಎಲ್ಲದರ ವಾಸನೆ ಹತ್ತಿರುತ್ತದೆ, ಅಲ್ವಾ? ಕುಡಿಯುವ ನೀರನ್ನು ದೊಡ್ಡ ಅಚ್ಚಿಗೆ ಹಾಕಿ, ಮುಚ್ಚಿ, ಹೊಸದಾಗಿ ಐಸ್ ಮಾಡಿ. ದೊಡ್ಡ ತುಂಡು ನಿಧಾನಕ್ಕೆ ಕರಗುತ್ತದೆ. ಗ್ಲಾಸಿಗೆ ಎರಡೇ ಎರಡು ತುಂಡು ಹಾಕಿದರೆ ಡ್ರಿಂಕ್ ತಣ್ಣಗಾಗುವಷ್ಟರಲ್ಲಿ ಅವು ಕರಗಿ ನೀರಾಗುತ್ತವೆ. ತುಂಬಾ ಹಾಕಿದರೆ ನೀರು ಕಮ್ಮಿ. ಕೇಳಲು ಉಲ್ಟಾ ಅನ್ನಿಸುತ್ತದೆ, ಮಾಡಿ ನೋಡಿ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಟೀ ಸೋಸುವ ಜಾಲರಿ ಸಾಕು. ಆದರೆ 30 ಎಂಎಲ್ ಪೆಗ್ ಅಳತೆ ಮಾತ್ರ ಕೊಳ್ಳಿ. ಕಣ್ಣಳತೆ ಸಾಂಬಾರಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಜಿನ್ ಅಂಡ್ ಟಾನಿಕ್

ಟಾನಿಕ್ಕಿನ ಕಹಿ ಕ್ವಿನೈನ್‌ನದ್ದು. ಅದು ಸಿಂಕೋನಾ ಮರದ ತೊಗಟೆಯಿಂದ ಬಂದ ಮಲೇರಿಯಾ ಮದ್ದು. ಆ ಮರವನ್ನು ಬ್ರಿಟಿಷರು 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲೇ ತೋಟ ಮಾಡಿ ಬೆಳೆದರು. ಸಿಪಾಯಿಗಳು ಜ್ವರಕ್ಕೆ ಜಿನ್ ಟಾನಿಕ್ ಕುಡಿಯುತ್ತಿದ್ದರು ಅನ್ನುವ ಕಥೆ ಮಾತ್ರ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಈಗಿನ ಟಾನಿಕ್ಕಿನಲ್ಲಿ ಕ್ವಿನೈನ್ ತೀರಾ ಕಮ್ಮಿ. ಅಮೆರಿಕದಲ್ಲಿ ಲೀಟರಿಗೆ 83 ಮಿಲಿಗ್ರಾಂಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಮದ್ದಿನ ಪ್ರಮಾಣಕ್ಕೆ ಬರಬೇಕಾದರೆ ದಿನಕ್ಕೆ ಲೀಟರ್‌ಗಟ್ಟಲೆ ಕುಡಿಯಬೇಕಾಗುತ್ತದೆ. ಅಂದಹಾಗೆ, ಪಬ್ಬಿನ ನೀಲಿ ಯುವಿ ಲೈಟಿನ ಕೆಳಗೆ ಗ್ಲಾಸ್ ಹೊಳೆಯುತ್ತದಲ್ಲ, ಅದು ಈ ಕ್ವಿನೈನ್ ಕೆಲಸ.

ಟಾನಿಕ್ ಕೊಳ್ಳುವಾಗ ಹಿಂದಿನ ಲೇಬಲ್ ಓದಿ. 100 ಎಂಎಲ್‌ಗೆ 8 ಗ್ರಾಂ ಸಕ್ಕರೆ ಇದ್ದರೆ, 200 ಎಂಎಲ್ ಬಾಟಲಿಯಲ್ಲಿ 16 ಗ್ರಾಂ. ಹತ್ತಿರ ಹತ್ತಿರ ನಾಲ್ಕು ಚಮಚ! ಕ್ರಾಫ್ಟ್ ಜಿನ್ನಿನ ಸೂಕ್ಷ್ಮವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಸ್ವಾಮಿ, ಸೆಪಾಯ್ ಥರದ ಭಾರತೀಯ ಬ್ರಾಂಡ್‌ಗಳಲ್ಲಿ ಸಕ್ಕರೆ ಕಮ್ಮಿ ಇರುವ ಬಗೆಗಳೂ ಸಿಗುತ್ತವೆ. ದೊಡ್ಡ ಬಾಟಲಿ ತರಬೇಡಿ. ಮುಚ್ಚಳ ತೆಗೆದ ಮಾರನೇ ದಿನ ಅದು ಬರೀ ಕಹಿ ಸಕ್ಕರೆ ನೀರು.

ಉದ್ದ ಗ್ಲಾಸಿಗೆ ಅಂಚಿನವರೆಗೆ ಐಸ್. 50 ಎಂಎಲ್ ಜಿನ್. ಮೊದಲು 100 ಎಂಎಲ್ ಟಾನಿಕ್, ಚೆನ್ನಾಗಿ ತಣ್ಣಗಾಗಿದ್ದು, ಗ್ಲಾಸ್ ಓರೆ ಮಾಡಿ ಮೆಲ್ಲಗೆ ಸುರಿಯಿರಿ. ಬೆಚ್ಚಗಿನ ಟಾನಿಕ್ ಐಸ್ ಮುಟ್ಟಿದ ಕೂಡಲೇ ಗ್ಯಾಸ್ ಎಲ್ಲ ಹಾರಿಹೋಗುತ್ತದೆ. ಚಮಚವನ್ನು ತಳಕ್ಕಿಳಿಸಿ ಒಮ್ಮೆ ಮೇಲಕ್ಕೆತ್ತಿ, ಸಾಕು. ಕುಡಿದು ನೋಡಿ. ಜಿನ್ ಇನ್ನೂ ಜೋರಾಗಿದ್ದರೆ ಇನ್ನು 30 ಎಂಎಲ್ ಸೇರಿಸಿ. ಸಿಹಿಯೇ ಜಾಸ್ತಿ ಅನ್ನಿಸಿದರೆ ಟಾನಿಕ್ ಬದಲು ಸೋಡಾ ಸೇರಿಸಿ. ಅರ್ಧ ಟಾನಿಕ್ ಅರ್ಧ ಸೋಡಾ ನನ್ನ ಮೆಚ್ಚಿನ ಅಳತೆ.

ಅಲಂಕಾರಕ್ಕೆ ಒಂದೇ ಒಂದು ವಸ್ತು. ಮೊದಲ ಸಂಜೆ ನಿಮಗೆ ಸಿಕ್ಕ ಘಮಗಳಲ್ಲಿ ಎರಡನೆಯದನ್ನು ಆರಿಸಿ. ಮೊದಲನೆಯದು ತಾನಾಗೇ ಕೇಳಿಸುತ್ತದೆ, ಅದಕ್ಕೆ ಮೈಕ್ ಬೇಕಿಲ್ಲ. ಬಲೂನ್ ಗ್ಲಾಸಿನಲ್ಲಿ ಸೌತೆಕಾಯಿ, ರೋಸ್ಮರಿ, ದಾಸವಾಳ, ಸ್ಟಾರ್ ಅನೀಸ್ ಎಲ್ಲ ತುರುಕಿ ಕೊಡುವುದು ಫೋಟೋಗೆ ಚೆಂದ. ಕುಡಿಯುವವರಿಗೆ ಅದು ಕಾಡು ಹಾದಿ.

ಗಿಮ್ಲೆಟ್

ನಮ್ಮ ನಿಂಬೆಗೆ ಹೇಳಿ ಮಾಡಿಸಿದ ಡ್ರಿಂಕ್ ಇದು. ಮೊದಲು ಕಾರ್ಡಿಯಲ್, ಅಂದರೆ ನಿಂಬೆ ಸಕ್ಕರೆಯ ಪಾಕ, ಮಾಡಿಟ್ಟುಕೊಳ್ಳಿ. ಆರು ನಿಂಬೆಹಣ್ಣಿನ ಹಸಿರು ಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆಯಿರಿ. ಒಳಗಿನ ಬಿಳಿ ಭಾಗ ಕಹಿ, ಬೇಡ. ಸಿಪ್ಪೆಗೆ 200 ಗ್ರಾಂ ಸಕ್ಕರೆ ಹಾಕಿ ಕೈಯಲ್ಲಿ ಉಜ್ಜಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಸಕ್ಕರೆ ಒದ್ದೆಯಾಗಿ, ಡಬ್ಬ ತೆಗೆದರೆ ಮನೆಯೆಲ್ಲ ಘಮ್ ಅನ್ನುತ್ತದೆ. 150 ಎಂಎಲ್ ನಿಂಬೆರಸ ಹಾಕಿ, ಸಕ್ಕರೆ ಕರಗುವವರೆಗೆ ಕಲಕಿ, ಸೋಸಿ ಫ್ರಿಜ್ಜಿನಲ್ಲಿಡಿ. ಕುದಿಸಬಾರದು. ಒಂದು ವಾರದಲ್ಲಿ ಮುಗಿಸಿ. ಹೇರಳೆಕಾಯಿ ಸಿಕ್ಕಿದರೆ ಅದರ ಸಿಪ್ಪೆಯನ್ನೂ ಒಂದಿಷ್ಟು ಸೇರಿಸಿ. ಉಪ್ಪಿನಕಾಯಿಗೆ ಮಾತ್ರ ಮೀಸಲಿಡುವಷ್ಟು ಬಡ ಘಮವಲ್ಲ ಅದು.

60 ಎಂಎಲ್ ಜಿನ್, 30 ಎಂಎಲ್ ಕಾರ್ಡಿಯಲ್, ಡಬ್ಬದ ತುಂಬ ಐಸ್. ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಅಲ್ಲಾಡಿಸಿ, ಕೈಗೆ ಡಬ್ಬ ಹಿಡಿಯಲಾರದಷ್ಟು ತಣ್ಣಗಾಗಬೇಕು. ತಣ್ಣಗಿರುವ ಸಣ್ಣ ಗ್ಲಾಸಿಗೆ ಸೋಸಿ. ಹುಳಿ ಸಾಲದಿದ್ದರೆ ಮುಂದಿನ ಸಲ ಅರ್ಧ ಚಮಚ ನಿಂಬೆರಸ.

ವಿದೇಶಿ ಪುಸ್ತಕದ ಅಳತೆ ನೋಡಿ ಮಾಡುವಾಗ ಒಂದು ಎಚ್ಚರ. ಅವರು ಲೆಮನ್ ಅನ್ನುವುದು ದಪ್ಪ ಹಳದಿ ಹಣ್ಣು. ನಮ್ಮ ಸಣ್ಣ ನಿಂಬೆಯ ಹುಳಿ ಅದಕ್ಕಿಂತ ಚುರುಕು. 30 ಎಂಎಲ್ ಅಂದಿದ್ದರೆ 20ರಿಂದ ಶುರು ಮಾಡಿ.

ಮಾರ್ಟಿನಿ

ಇಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. 60 ಎಂಎಲ್ ಜಿನ್, 12 ಎಂಎಲ್ ಡ್ರೈ ವರ್ಮೂತ್ (ಗಿಡಮೂಲಿಕೆಯ ಘಮ ಹತ್ತಿಸಿದ ವೈನ್). ತುಂಬಾ ಐಸ್ ಹಾಕಿ ಅರ್ಧ ನಿಮಿಷ ಕಲಕಿ. ಅಲ್ಲಾಡಿಸಬೇಡಿ. ಅಲ್ಲಾಡಿಸಿದರೆ ಗಾಳಿ ಸೇರಿ ಮಂಕಾಗುತ್ತದೆ, ಐಸ್ ಚೂರಾಗಿ ನೀರೂ ಜಾಸ್ತಿ ಸೇರುತ್ತದೆ. ಗ್ಲಾಸನ್ನು ಮುಂಚೆಯೇ ಫ್ರೀಜರಿನಲ್ಲಿ ಇಟ್ಟಿರಿ. ಸೋಸಿದ ಮೇಲೆ ನಿಂಬೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡಿ ಎಣ್ಣೆ ಚಿಮ್ಮಿಸಿ. ಅರ್ಧ ಕುಡಿದು ಐದು ನಿಮಿಷ ಬಿಡಿ. ಸ್ವಲ್ಪ ಬೆಚ್ಚಗಾದಾಗ ಒಳ್ಳೆಯ ಜಿನ್ ಬಾಯಿ ಬಿಡುತ್ತದೆ, ಸಾಧಾರಣ ಜಿನ್ ಸ್ಪಿರಿಟ್ ವಾಸನೆ ಹೊಡೆಯುತ್ತದೆ.

ವರ್ಮೂತ್ ವೈನ್ ಜಾತಿಯದ್ದು. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿ ಇಡಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಷೋಕೇಸಿನಲ್ಲಿ ವರ್ಷಗಟ್ಟಲೆ ಧೂಳು ಹಿಡಿದದ್ದನ್ನು ಬಳಸಿ ಮಾರ್ಟಿನಿ ಕೆಟ್ಟದು ಅನ್ನಬೇಡಿ.

ನೆಗ್ರೋನಿ

30 ಎಂಎಲ್ ಜಿನ್, 30 ಕಾಂಪಾರಿ (ಇಟಲಿಯ ಕೆಂಪು ಬಣ್ಣದ ಕಹಿ ಮದ್ಯ), 30 ಸಿಹಿ ವರ್ಮೂತ್. ದೊಡ್ಡ ಐಸ್ ಮೇಲೆ ಕಲಕಿ, ಕಿತ್ತಳೆ ಸಿಪ್ಪೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ ಮತ್ತು ತೆಳು, ಹಿಂಡುವಾಗ ಹರಿಯುತ್ತದೆ. ಅಗಲವಾಗಿ ಕತ್ತರಿಸಿ. 1919ರಲ್ಲಿ ಫ್ಲಾರೆನ್ಸಿನಲ್ಲಿ ಕಮಿಲ್ಲೋ ನೆಗ್ರೋನಿ ಅನ್ನುವ ಕೌಂಟ್ ತನ್ನ ಅಮೆರಿಕಾನೋ (ಕಾಂಪಾರಿ, ಸಿಹಿ ವರ್ಮೂತ್, ಸೋಡಾ) ಡ್ರಿಂಕಿಗೆ ಸೋಡಾ ಬದಲು ಜಿನ್ ಹಾಕಿಸಿಕೊಂಡ ಅನ್ನುವುದು ಎಲ್ಲರೂ ಹೇಳುವ ಕಥೆ. ಕಾಂಪಾರಿಯ ಕಹಿ ಮುಂದೆ ಮೃದುವಾದ ಜಿನ್ ಕಳೆದೇಹೋಗುತ್ತದೆ. ನಿಮ್ಮದು ಅಂಥದ್ದಾದರೆ ಜಿನ್ 40 ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆ ಟ್ಯಾಂಕರೇ ಕ್ವಾರ್ಟರ್ ಈಗ ಕೆಲಸಕ್ಕೆ ಬಂತು.

ಮಸಾಲೆ ಜಿನ್ನಿಗೆ ಪುನರ್ಪುಳಿ

ಗೋವಾದವರ ಕೋಕಂ, ಉತ್ತರ ಕನ್ನಡದ ಮುರುಗಲು, ಮಂಗಳೂರಿನ ಪುನರ್ಪುಳಿ ಎಲ್ಲ ಒಂದೇ. ಅದರ ಹುಳಿಯಲ್ಲಿ ನಿಂಬೆಯ ಚುರುಕಿಲ್ಲ, ಸ್ವಲ್ಪ ಒಗರಿದೆ. ಮೆಣಸು, ಅರಿಶಿನ ಇರುವ ಜಿನ್ ಜೊತೆ ಚೆನ್ನಾಗಿ ಹೊಂದುತ್ತದೆ. ಹತ್ತು ಒಣ ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಹಿಸುಕಿ ಸೋಸಿ. ಉಪ್ಪು ಸವರಿ ಒಣಗಿಸಿದ ಸಿಪ್ಪೆಯಾದರೆ ಮೊದಲು ತೊಳೆಯಿರಿ.

50 ಎಂಎಲ್ ಜಿನ್, 30 ಎಂಎಲ್ ಪುನರ್ಪುಳಿ ರಸ, 15 ಎಂಎಲ್ ಬೆಲ್ಲದ ಪಾಕ, ಚಿಟಿಕೆ ಉಪ್ಪು. ಐಸ್ ಹಾಕಿ ಅಲ್ಲಾಡಿಸಿ, ಐಸ್ ತುಂಬಿದ ಉದ್ದ ಗ್ಲಾಸಿಗೆ ಸೋಸಿ, ಮೇಲೆ 90 ಎಂಎಲ್ ಸೋಡಾ. ಒಂದೇ ಒಂದು ಕರಿಮೆಣಸನ್ನು ಜಜ್ಜಿ ಉದುರಿಸಿ. ಬೆಲ್ಲ ತೀರಾ ಕಪ್ಪಗಿದ್ದರೆ ಅದರದ್ದೇ ರುಚಿ ಮುಂದೆ ಬರುತ್ತದೆ, ತಿಳಿ ಬಣ್ಣದ್ದನ್ನೇ ಬಳಸಿ. ಇದನ್ನು ಟಾನಿಕ್ ಜೊತೆ ಮಾಡಬೇಡಿ. ಒಗರು ಮತ್ತು ಕಹಿ ಸೇರಿ ನಾಲಿಗೆ ಒಣಗಿಹೋಗುತ್ತದೆ.

ಲೆಕ್ಕ ಮತ್ತು ಬಾಟಲಿ

42.8% ಜಿನ್ 30 ಎಂಎಲ್ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಮೇಲಿನ ಮಾರ್ಟಿನಿಯಲ್ಲಿ 20 ಗ್ರಾಂ ದಾಟುತ್ತದೆ. ನೆಗ್ರೋನಿಯಲ್ಲಿ ಜಿನ್ 30 ಎಂಎಲ್ ಮಾತ್ರ ಇದ್ದರೂ ಕಾಂಪಾರಿ ಮತ್ತು ವರ್ಮೂತ್ ಸೇರಿ ಅದೂ 20ರ ಹತ್ತಿರ. ಅಂದರೆ ಒಂದು ಗ್ಲಾಸ್ ಎರಡು ಸಣ್ಣ ಪೆಗ್‌ಗೆ ಸಮ. ಒಂದೇ ಸಂಜೆ ಐದೂ ಡ್ರಿಂಕ್ ಮಾಡಿ ನೋಡುವ ಉತ್ಸಾಹ ಬೇಡ. ಎರಡನೆಯದು ಮುಗಿಯುವಷ್ಟರಲ್ಲಿ ಮೂಗು ಕೆಲಸ ನಿಲ್ಲಿಸಿರುತ್ತದೆ.

ಬಾಟಲಿಯನ್ನು ಬಿಸಿಲಿಗೆ, ಗ್ಯಾಸ್ ಒಲೆಯ ಹತ್ತಿರ ಇಡಬೇಡಿ. ಜಿನ್ ಕೆಡುವುದಿಲ್ಲ ನಿಜ, ಆದರೆ ಅರ್ಧ ಖಾಲಿಯಾದ ಬಾಟಲಿಯೊಳಗೆ ಗಾಳಿ ಆಡಿ ಮೊದಲು ಹೋಗುವುದು ಸಿಪ್ಪೆಯ ಘಮ. ಕಾಲು ಭಾಗಕ್ಕೆ ಇಳಿದ ಮೇಲೆ ಸಣ್ಣ ಗಾಜಿನ ಬಾಟಲಿಗೆ ಅಂಚಿನವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ, ಕಪಾಟಿನೊಳಗೆ ಇಡಿ. ಮೇಲೆ ಹೆಸರು ಬರೆದು ಅಂಟಿಸಿ. ಯಾರಾದರೂ ನೀರು ಅಂದುಕೊಂಡಾರು.